ಆರು ಮೆಟ್ಟಿಲು ಹತ್ತುವ ವಿಧಾನ: ಬಳಕೆದಾರರ ಕೈಪಿಡಿ (ಮಂಡ್ಯ, ಮದ್ದೂರು, ಮಳವಳ್ಳಿ ಆವೃತ್ತಿ)

ಬಳಸುವ ಮೊದಲು ಓದಿ

ಆತ್ಮೋನ್ನತಿಯ ಈ ಆರು ಮೆಟ್ಟಿಲಿನ ಏಣಿಯನ್ನು ಆರಿಸಿಕೊಂಡ ನಿಮಗೆ ಅಭಿನಂದನೆಗಳು. ಇದಕ್ಕೆ ತ್ರೀ ಫೇಸ್ ಕರೆಂಟು ಬೇಡ. ವಿ.ಸಿ. ನಾಲೆಗೆ ನೀರು ಬಿಡುವ ತಾರೀಖಿಗೆ ಕಾಯಬೇಕಿಲ್ಲ. ಕಬ್ಬಿನ ಬಾಕಿ ಕೈಗೆ ಬಂದ ಮೇಲೇ ಶುರು ಮಾಡಬೇಕೆಂಬ ಷರತ್ತೂ ಇಲ್ಲ. ಹಾಗಿದ್ದಿದ್ದರೆ ಈ ಜಿಲ್ಲೆಯಲ್ಲಿ ಒಬ್ಬನೂ ಮೊದಲ ಮೆಟ್ಟಿಲಿಗೆ ಕಾಲಿಡುತ್ತಿರಲಿಲ್ಲ.

ಏಣಿಯ ಮೂಲ ವಿನ್ಯಾಸ ಹನ್ನೆರಡನೇ ಶತಮಾನದ ಕಲ್ಯಾಣದ್ದು. ಹೆಸರು ಷಟ್‌ಸ್ಥಲ. ಕೆಳಗಿನಿಂದ ಎಣಿಸಿದರೆ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಇದನ್ನು ಅಚ್ಚುಕಟ್ಟಾಗಿ ಕೂಡಿಸಿ ನಿಲ್ಲಿಸಿದ ಕೀರ್ತಿ ಚೆನ್ನಬಸವಣ್ಣನಿಗೆ ಸಲ್ಲುತ್ತದೆ. ಮುಂದೆ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳು 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನೇ ಬರೆದರು. ಅಲ್ಲಿಗೆ ಪುಸ್ತಕದ ಏಣಿ ಪೂರ್ತಿಯಾಯಿತು.

ಆದರೆ ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಇದೇ ಏಣಿಯ ಒಂದು ನಾಟಿ ಮಾದರಿ ಚಾಲ್ತಿಯಲ್ಲಿದೆ. ಅದು ಪುಸ್ತಕದಲ್ಲಿ ಹುಟ್ಟಿದ್ದಲ್ಲ, ತಂಬೂರಿಯ ಮೇಲೆ ಹುಟ್ಟಿದ್ದು. ಅಲ್ಲಮಪ್ರಭುವೇ ಕಲ್ಯಾಣ ಬಿಟ್ಟು ತೆಂಕಣಕ್ಕೆ ನಡೆದು ಬಂದು ಮಂಟೇಸ್ವಾಮಿಯಾದ, ‘ಧರೆಗೆ ದೊಡ್ಡವರು’ ಎನಿಸಿಕೊಂಡ ಎಂದು ಅವನ ಪರಂಪರೆಯ ಗಾಯಕರಾದ ನೀಲಗಾರರು ರಾತ್ರಿಯಿಡೀ ಹಾಡುತ್ತಾರೆ. ಇತಿಹಾಸದ ಮೇಷ್ಟ್ರು ಇದನ್ನು ಒಪ್ಪಲಿಕ್ಕಿಲ್ಲ. ನಡುವೆ ಮೂರ್ನಾಲ್ಕು ಶತಮಾನದ ಅಂತರವಿದೆ ಎನ್ನುತ್ತಾರೆ. ಮೂರ್ನಾಲ್ಕು ಶತಮಾನ ಸಿದ್ಧರಿಗೆ ಯಾವ ಲೆಕ್ಕ? ಈ ಕೈಪಿಡಿ ಪುಸ್ತಕದ ಏಣಿಯನ್ನೂ ತಂಬೂರಿಯ ಏಣಿಯನ್ನೂ ಒಟ್ಟಿಗೆ ಬಳಸಲು ಹೊರಟವರಿಗಾಗಿ.

ಪೆಟ್ಟಿಗೆಯಲ್ಲಿ ಏನೇನಿದೆ

ಪುಸ್ತಕದ ಮಾದರಿ ತೆಗೆದುಕೊಂಡವರ ಪೆಟ್ಟಿಗೆಯಲ್ಲಿ ಆರು ಸ್ಥಲ, ಅವಕ್ಕೆ ಹೊಂದುವ ಆರು ಲಿಂಗ, ಆರು ಭಕ್ತಿ ಇರುತ್ತವೆ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಇಷ್ಟೇ ತಾನೆ ಎಂದು ಪೆಟ್ಟಿಗೆ ಮುಚ್ಚಬೇಡಿ. ಒಂದೊಂದು ಸ್ಥಲದ ಒಳಗೂ ಮತ್ತೆ ಆರು ಸ್ಥಲಗಳಿವೆ. ಭಕ್ತನೊಳಗೊಬ್ಬ ಮಹೇಶ, ಮಹೇಶನೊಳಗೊಬ್ಬ ಭಕ್ತ. ಹಾಗಾಗಿ 36. ಆ ಒಂದೊಂದರೊಳಗೆ ಇನ್ನೂ ಆರಾರು ಬಿಡಿಸಿದರೆ 216. ಬೇರೆ ಲೆಕ್ಕದವರು 101 ಎನ್ನುತ್ತಾರೆ. ನಿಮ್ಮ ಪೆಟ್ಟಿಗೆಯಲ್ಲಿ ಒಂದೆರಡು ಸ್ಥಲ ಕಡಿಮೆ ಬಂದಿದ್ದರೆ ಗಾಬರಿ ಬೇಡ. ಅವು ಇನ್ನೊಂದರ ಒಳಗೆ ಸೇರಿಕೊಂಡಿರುತ್ತವೆ.

ಇದು ಕನ್ನಡದವರಿಗೆ ಮಾತ್ರ ಅಂಟಿದ ಲೆಕ್ಕದ ಹುಚ್ಚೇನಲ್ಲ. ಯೆಹೂದ್ಯರ ಕಬ್ಬಾಲಾ ಎಂಬ ಅನುಭಾವ ಮಾರ್ಗದಲ್ಲಿ ಹತ್ತು ಸೆಫಿರೋತ್‌ಗಳಿವೆ, ದೈವದ ಬೆಳಕು ಇಳಿದು ಬರುವ ಹತ್ತು ನೆಲೆಗಳು. ಅಲ್ಲಿಯೂ ಒಂದೊಂದರೊಳಗೆ ಉಳಿದೆಲ್ಲವೂ ಇವೆ. ಪಾಸೋವರ್ ಹಬ್ಬದಿಂದ ಶಾವುಓತ್ ಹಬ್ಬದವರೆಗೆ ಅವರು 49 ದಿನ ಎಣಿಸುತ್ತಾರೆ. ಕೆಳಗಿನ ಏಳು ನೆಲೆಗಳನ್ನು ಏಳರಿಂದ ಗುಣಿಸಿ ದಿನಕ್ಕೊಂದರಂತೆ ಹಂಚಿಕೊಂಡು, ಇವತ್ತು ಕರುಣೆಯೊಳಗಿನ ಕಟ್ಟುನಿಟ್ಟು, ಇನ್ನೊಂದು ದಿನ ಕಟ್ಟುನಿಟ್ಟಿನೊಳಗಿನ ಕರುಣೆ ಎಂದು ತಿದ್ದಿಕೊಳ್ಳುತ್ತಾರೆ. ರಾತ್ರಿಯ ಎಣಿಕೆ ಮರೆತು, ಮಾರನೆಯ ಹಗಲೂ ನೆನಪಾಗದೆ ಒಂದಿಡೀ ದಿನ ತಪ್ಪಿಹೋದರೆ ಮುಂದಿನ ದಿನಗಳಲ್ಲಿ ಮಂತ್ರವಿಲ್ಲದೆ ಬರೀ ಎಣಿಕೆ ಮಾಡಬೇಕು ಎಂಬ ರೂಢಿಯಿದೆ. ಇಷ್ಟು ಕರಾರುವಾಕ್ಕಾದ ಹಾಜರಿ ಪುಸ್ತಕ ನಮ್ಮ ತಾಲ್ಲೂಕು ಕಚೇರಿಯಲ್ಲೂ ಇರಲಿಕ್ಕಿಲ್ಲ.

ನಾಟಿ ಮಾದರಿಯ ಪೆಟ್ಟಿಗೆ ಬೇರೆ. ಅದರಲ್ಲಿ ತಂಬೂರಿ, ಡಕ್ಕೆ, ಗಗ್ಗರ, ಜಾಗಟೆ, ಬೆತ್ತ, ಜೋಳಿಗೆ ಇರುತ್ತವೆ. ಹಣೆಗೆ ಕಪ್ಪು ಧೂಳ್ತ. ಉಳಿದ ಶೈವರು ಬಿಳಿಯ ವಿಭೂತಿ ಧರಿಸುವಾಗ ಇವರು ಕಪ್ಪನ್ನು ಬಳಿದುಕೊಳ್ಳುತ್ತಾರೆ. ಸಂಜೆಯ ಹೊತ್ತು ಜಗಲಿಯ ಮೇಲೆ ನೀಲಗಾರ ಕುಳಿತು ಎಡಗೈಗೆ ಗಗ್ಗರ ಸಿಕ್ಕಿಸಿಕೊಳ್ಳುವುದನ್ನು ಹತ್ತಿರದಿಂದ ನೋಡಿ. ತಂಬೂರಿಯನ್ನು ಭುಜಕ್ಕೆ ಒರಗಿಸಿಕೊಂಡು ಬಲಗೈಯಲ್ಲಿ ಮೀಟುತ್ತಾ ಎಡಗೈಯ ಗಗ್ಗರ ಗಲಗಲ ಅಲ್ಲಾಡಿಸುತ್ತಾನೆ. ಬಾಯಿ ಒಂದು ಕಡೆ ಕಥೆ ಹೇಳುತ್ತಿರುತ್ತದೆ, ಕಣ್ಣು ಇನ್ನೊಂದು ಕಡೆ ಕಾಫಿ ಬಂತೇ ಎಂದು ನೋಡುತ್ತಿರುತ್ತದೆ. ಪ್ರಾಣಲಿಂಗಿಯ ಏಕಾಗ್ರತೆ ಅಂದರೆ ಇದಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಕಾಫಿ ಕುಡಿದ ಮೇಲೆ ಅವನು ಬಿಟ್ಟ ಪದದಿಂದಲೇ ಎತ್ತಿಕೊಂಡು, ಬೆಳಗಿನ ಕೋಳಿ ಕೂಗುವವರೆಗೆ ಒಂದಕ್ಷರ ತಪ್ಪದೆ ಹಾಡುತ್ತಾನೆ.

ಕಂಡಾಯ ಈ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಲೋಹದಲ್ಲಿ ಮಾಡಿದ ಆ ಲಾಂಛನ ಊರಿನದು, ಒಕ್ಕಲಿನದು. ಹೂ ಮುಡಿಸಿ, ಬಟ್ಟೆ ಸುತ್ತಿ, ಹೆಗಲ ಮೇಲೆ ಹೊರಬೇಕಾದದ್ದು. ಅದನ್ನು ಸ್ವಂತಕ್ಕೆ ತರಿಸಿಕೊಂಡು ಷೋಕೇಸಿನಲ್ಲಿಟ್ಟರೆ ಏಣಿ ಕೆಲಸ ಮಾಡುವುದಿಲ್ಲ.

ಯಾರು ಬಳಸಬಹುದು

ನಲವತ್ತು ತುಂಬದವರು, ಮದುವೆಯಾಗಿ ಸಂಸಾರ ಹೂಡದವರು ಕಬ್ಬಾಲಾದ ಪುಸ್ತಕ ಮುಟ್ಟಬಾರದು ಎಂದು ಯೆಹೂದ್ಯರಲ್ಲಿ ಹಿರಿಯರು ಹೇಳುತ್ತಿದ್ದರು. ಕಾರಣವೂ ಇದೆ. ಅವರ ತಾಲ್ಮುದ್‌ನಲ್ಲಿ ನಾಲ್ವರು ಪಂಡಿತರು ಪಾರ್ದೆಸ್ ಎಂಬ ತೋಟವನ್ನು ಹೊಕ್ಕ ಕಥೆ ಬರುತ್ತದೆ. ಒಬ್ಬ ನೋಡಿ ಸತ್ತ. ಒಬ್ಬನಿಗೆ ಬುದ್ಧಿ ಕೆಟ್ಟಿತು. ಒಬ್ಬ ಅಲ್ಲಿನ ಎಳೆಯ ಗಿಡಗಳನ್ನೇ ಕಡಿದ, ಎಂದರೆ ಧರ್ಮವನ್ನೇ ಬಿಟ್ಟ. ಅಕೀವಾ ಎಂಬ ಒಬ್ಬನೇ ಹೋದ ಹಾಗೆಯೇ ಕ್ಷೇಮವಾಗಿ ಹೊರಬಂದ. ನಾಲ್ಕರಲ್ಲಿ ಒಂದು ಎಂಬ ಈ ಫಲಿತಾಂಶ ಹಾಕಿಕೊಂಡು ಯಾವ ಕೋಚಿಂಗ್ ಸೆಂಟರ್ ತಾನೆ ಬ್ಯಾನರ್ ಕಟ್ಟಿಸೀತು?

ಆದರೆ ನಿಯಮ ಮಾಡಿದವರಿಗಿಂತ ಮುರಿದವರೇ ದೊಡ್ಡವರಾದರು. ಇಡೀ ಕಬ್ಬಾಲಾದ ದಿಕ್ಕನ್ನೇ ಬದಲಿಸಿದ ಸಫೇದ್ ಊರಿನ ಐಸಾಕ್ ಲೂರಿಯಾ 1572ರಲ್ಲಿ ತೀರಿಕೊಂಡಾಗ ಅವನಿಗೆ 38. ಆಧ್ಯಾತ್ಮಿಕ ಮೆಟ್ಟಿಲುಗಳ ಬಗ್ಗೆ ಅವರಲ್ಲಿ ಇವತ್ತಿಗೂ ಓದುವ ‘ಮೆಸಿಲ್ಲಾತ್ ಯೆಶಾರೀಮ್’ ಎಂಬ ಪುಸ್ತಕವನ್ನು 1740ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಅಚ್ಚು ಹಾಕಿಸಿದ ಮೊಶೆ ಹಯೀಮ್ ಲುಝಾಟೊ ಕೂಡ ನಲವತ್ತು ಕಾಣದೆ ಹೋದ. ಅವನು ಪಾದುವಾದ ಹುಡುಗ. ಕಬ್ಬಾಲಾ ಹೇಳಿಕೊಡಕೂಡದು ಎಂದು ಇಟಲಿಯ ರಬ್ಬಿಗಳು ಅವನಿಂದ ಬರೆಸಿಕೊಂಡಿದ್ದರು.

ನಮ್ಮ ಕಡೆ ವಯಸ್ಸಿನ ಮಿತಿ ಇಲ್ಲ. ಹರಕೆ ಹೊತ್ತು ಮಗನನ್ನೇ ನೀಲಗಾರನಾಗಿ ಬಿಡುವವರು ಮಗು ಹುಟ್ಟುವ ಮೊದಲೇ ಅರ್ಜಿ ಹಾಕಿರುತ್ತಾರೆ. ಜಾತಿಯ ಮಿತಿಯೂ ಇಲ್ಲ. ದಲಿತರು, ಹಿಂದುಳಿದ ಹಲವು ಸಮುದಾಯದವರು ಮಂಟೇಸ್ವಾಮಿ ಮಠದ ಒಕ್ಕಲು. ಬೊಪ್ಪೇಗೌಡನಪುರದ ಪೀಠದಲ್ಲಿರುವವರು ಅರಸು ಮನೆತನದವರು. ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಬೊಪ್ಪೇಗೌಡನಪುರ ಎಂದು ಕೇಳಿದರೆ ಕಂಡಕ್ಟರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ, ಬಿ.ಜಿ.ಪುರ ಎನ್ನಿ.

ಮಾರ್ಗ ನಕ್ಷೆ

ನಾಟಿ ಮಾದರಿಯ ಅನುಕೂಲ ಏನೆಂದರೆ ಮೆಟ್ಟಿಲುಗಳೆಲ್ಲ ನೆಲದ ಮೇಲೆಯೇ ಇವೆ, ಬಸ್ಸಿನಲ್ಲಿ ಹೋಗಿ ನೋಡಬಹುದು. ಮದ್ದೂರು ತಾಲ್ಲೂಕಿನ ನಿಡಘಟ್ಟದಿಂದ ಹೊರಡಿ. ಹಾಡಿನಲ್ಲಿ ಇದು ನಿಡುಗಟ್ಟ. ಕೆಂಪಾಚಾರಿ ಎಂಬ ಆಚಾರರ ಹುಡುಗ ಹುಟ್ಟಿದ್ದು ಇಲ್ಲಿ. ಮಂಟೇಸ್ವಾಮಿ ಅವನನ್ನು ಶಿಶುಮಗನಾಗಿ ಕೇಳಿದ್ದು ಇಲ್ಲೇ. ಅವನೇ ಮುಂದೆ ಸಿದ್ದಪ್ಪಾಜಿಯಾದ.

2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯನ್ನೂ ಎರಡು ಭಾಗ ಮಾಡಿ ಕಟ್ಟಿದರು: ಬೆಂಗಳೂರಿನಿಂದ ನಿಡಘಟ್ಟ ಒಂದು, ನಿಡಘಟ್ಟದಿಂದ ಮೈಸೂರು ಇನ್ನೊಂದು. ಹಳೆಯ ಬದುಕು ಮುಗಿದು ಹೊಸದು ಶುರುವಾಗುವ ಜಾಗ ಇದೇ ಎಂದು ಹೆದ್ದಾರಿಯ ಎಂಜಿನಿಯರಿಗೆ ಯಾರು ಹೇಳಿದರೋ ಕಾಣೆ. ಆಧ್ಯಾತ್ಮಕ್ಕೆ ಹೋಗುವವರು ಮಾತ್ರ ಹಳೆಯ ರಸ್ತೆಯಲ್ಲೇ ಹೋಗತಕ್ಕದ್ದು. ಹೊಸ ದಾರಿಯಲ್ಲಿ ಮದ್ದೂರು ಪೇಟೆ ಪಕ್ಕಕ್ಕೆ ಸರಿದು ಹೋಗುತ್ತದೆ. ಅಷ್ಟು ಬೇಗ ಐಕ್ಯವಾಗುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಮದ್ದೂರಿನಿಂದ ಮಳವಳ್ಳಿ, ಅಲ್ಲಿಂದ ಕನಕಪುರದ ದಾರಿಯಲ್ಲಿ ಹಲಗೂರು. ಬಿ.ಜಿ.ಪುರ ಮಳವಳ್ಳಿಯ ಇನ್ನೊಂದು ದಿಕ್ಕಿಗೆ. ಮುಗಿಯುವುದು ಗಡಿ ದಾಟಿ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ. ಮಂಡ್ಯ? ಮಂಡ್ಯಕ್ಕೆ ಜಿಲ್ಲಾಧಿಕಾರಿ ಕಚೇರಿಯ ಕೆಲಸಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಸಹನೆಯ ಸಾಧನೆಗೆ ವಿಪುಲ ಅವಕಾಶವಿದೆ.

ಜೋಡಣೆ

ಮೊದಲ ಮೆಟ್ಟಿಲು, ಭಕ್ತ. ಶ್ರದ್ಧೆ ಬೇಕು. ಎಲ್ಲರಿಗೂ ತಮ್ಮಲ್ಲಿ ಇದೆ ಎಂಬ ನಂಬಿಕೆ ಇರುವುದರಿಂದ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಎರಡನೆಯದು ಮಹೇಶ. ಇಲ್ಲಿ ನಿಷ್ಠೆ, ತತ್ವಕ್ಕೆ ಅಂಟಿಕೊಂಡು ಅಲುಗದಿರುವುದು. ಅನುಭವದ ಪ್ರಕಾರ ನಮ್ಮಲ್ಲಿ ಜನ ಸಿಕ್ಕಿಕೊಳ್ಳುವುದು ಇಲ್ಲೇ. ಮಹೇಶನಾದವನು ತನ್ನ ವ್ರತ ಬಿಡುವುದಿಲ್ಲ, ಸರಿ. ಆಮೇಲೆ ಪಕ್ಕದವನು ಬಿಟ್ಟಿದ್ದಾನೆಯೇ ಎಂದು ನೋಡಲು ಶುರು ಮಾಡುತ್ತಾನೆ. ಸೋಮವಾರ ಅವನ ಮನೆಯಲ್ಲಿ ಒಗ್ಗರಣೆ ಯಾವುದರದ್ದು ಎಂದು ಮೂಸುತ್ತಾನೆ. ಏಣಿ ಅಲ್ಲೇ ನಿಂತುಬಿಡುತ್ತದೆ. ಕೆಲವು ಊರುಗಳಲ್ಲಿ ಮೂರು ತಲೆಮಾರು ಈ ಎರಡನೆಯ ಮೆಟ್ಟಿಲ ಮೇಲೆಯೇ ಸಂಸಾರ ಮಾಡಿಕೊಂಡಿದೆ.

ಇಂಥವರಿಗಾಗಿಯೇ ಹಾಡಿನಲ್ಲಿ ಕಲ್ಯಾಣದ ಸಾಲು ಎಂಬ ಭಾಗ ಬರುತ್ತದೆ. ಬಸವಣ್ಣನ ಮಹಾಮನೆಯಲ್ಲಿ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಶರಣರು. ಒಬ್ಬೊಬ್ಬರೂ ಲಿಂಗಪೂಜೆ ಮಾಡಿ, ವಿಭೂತಿ ಧರಿಸಿ, ಏಣಿಯ ಯಾವುದೋ ಒಂದು ಗೌರವಸ್ಥ ಎತ್ತರದಲ್ಲಿ ಇದ್ದವರೇ. ಮಂಟೇಸ್ವಾಮಿ ಅಲ್ಲಿಗೆ ಹೋಗುವುದು ಹೇಗೆ? ಕುಷ್ಠ ಹತ್ತಿದ ಮೈ, ಕೊಳೆತ ನಾತ, ಮುಖ ತಿರುಗಿಸುವಂಥ ವೇಷ. ಬಾಗಿಲಲ್ಲೇ ತಡೆಯುತ್ತಾರೆ. ಒಳಗೆ ಪೂಜೆ ನಡೆಯುತ್ತಿದೆ, ನೀನ್ಯಾರು, ಆಚೆ ಹೋಗು. ಬಾಗಿಲಿಗೆ ಬಂದ ಗುರುವನ್ನು ಗುರುತು ಹಿಡಿಯಲು ಅಷ್ಟು ಸಾವಿರ ಜನರಿಗೆ ಆಗಲಿಲ್ಲ. ಬಸವಣ್ಣನಿಗೂ ಅವನ ಹೆಂಡತಿ ನೀಲಮ್ಮನಿಗೂ ಮಾತ್ರ ಆಯಿತು ಎಂದು ನೀಲಗಾರ ಹಾಡುತ್ತಾನೆ. ಹಾಡುವವರಲ್ಲಿ, ಕೇಳುವವರಲ್ಲಿ ಬಹಳ ಜನ ಊರಬಾಗಿಲಲ್ಲಿ, ಗುಡಿಬಾಗಿಲಲ್ಲಿ, ಹೋಟೆಲಿನ ಬಾಗಿಲಲ್ಲಿ ತಡೆಸಿಕೊಂಡವರ ಮಕ್ಕಳು ಮೊಮ್ಮಕ್ಕಳು. ಅವರ ಬಾಯಲ್ಲಿ ಆ ಬಾಗಿಲಿನ ಪ್ರಸಂಗ ಅಷ್ಟು ಉದ್ದವಾಗುವುದು ಸುಮ್ಮನೆ ಅಲ್ಲ. ಎಚ್.ಎಸ್. ಶಿವಪ್ರಕಾಶ್ ಇದೇ ಕಥೆಯನ್ನು ‘ಮಂಟೇಸ್ವಾಮಿ ಕಥಾ ಪ್ರಸಂಗ’ವಾಗಿ ರಂಗಕ್ಕೆ ತಂದರು, ಮಳವಳ್ಳಿ ಮಹದೇವಸ್ವಾಮಿಯವರ ದನಿಯಲ್ಲಿ ಆ ಕಥೆಯೇ ಕ್ಯಾಸೆಟ್ಟಾಗಿ ಜಾತ್ರೆಜಾತ್ರೆಯಲ್ಲಿ ಕೇಳಿತು. ನಾಟಕ ನೋಡಿದವರಿಗಿಂತ ಕ್ಯಾಸೆಟ್ಟು ಕೇಳಿದವರಿಗೆ ಷಟ್‌ಸ್ಥಲದ ವಿಮರ್ಶೆ ಚೆನ್ನಾಗಿ ಅರ್ಥವಾಗಿದೆ ಎಂಬುದು ಈ ಕೈಪಿಡಿಕಾರನ ಖಾಸಗಿ ಅಭಿಪ್ರಾಯ.

ಪರೀಕ್ಷಾ ವಿಧಾನ: ನಿಮ್ಮ ಮನೆಯ ಬಾಗಿಲಿಗೆ ನಾತ ಹೊಡೆಯುವ ಒಬ್ಬ ಬಂದಾಗ ಮೂಗಿಗೆ ಕೈ ಹೋಗುವ ಮೊದಲು ಕೈ ಬೇರೆಲ್ಲಿಗಾದರೂ ಹೋಯಿತೇ ನೋಡಿಕೊಳ್ಳಿ.

ಮೂರು, ಪ್ರಸಾದಿ. ಬಂದದ್ದನ್ನು ಅವಧಾನದಿಂದ ಸ್ವೀಕರಿಸುವುದು. ಅಭ್ಯಾಸಕ್ಕೆ ಮದ್ದೂರು ಸ್ಟೇಷನ್ ಪ್ರಶಸ್ತ. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ ಕಲಸಿ ಅಂಗೈಯಗಲಕ್ಕೆ ತಟ್ಟಿ ಕರಿದ ವಡೆ, ಅಂಚು ಗರಿಗರಿ, ನಡುವೆ ತುಸು ಮೆತ್ತಗೆ. ರೈಲು ನಿಂತಿರುವುದು ಎರಡು ನಿಮಿಷ. ಚಿಲ್ಲರೆ ಹುಡುಕಬೇಕು, ಸೀಟು ಕಾಯಬೇಕು, ಪಕ್ಕದವನ ಮಗು ಆಸೆಯಿಂದ ನೋಡುತ್ತಿದೆ. ಆ ಹೊತ್ತಿನಲ್ಲಿ ಅವಧಾನ ಉಳಿಸಿಕೊಂಡವನು ಪ್ರಸಾದಿ. ಮಗುವಿಗೆ ಅರ್ಧ ಮುರಿದುಕೊಟ್ಟವನಿಗೆ ಒಂದು ಮೆಟ್ಟಿಲು ರಿಯಾಯಿತಿ ಉಂಟು.

ನಾಟಿ ಮಾದರಿಯಲ್ಲಿ ಪ್ರಸಾದದ ಪ್ರಶ್ನೆ ಇಷ್ಟು ಹಗುರವಲ್ಲ. ಪುಷ್ಯ ಮಾಸದ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆ ಐದು ದಿನ ನಡೆಯುತ್ತದೆ. ಮೊದಲ ರಾತ್ರಿ ಚಂದ್ರಮಂಡಲ. ಬಿದಿರು, ಬಟ್ಟೆಗಳಿಂದ ಕಟ್ಟಿದ ಆ ಆಕೃತಿಗೆ ಬಿ.ಜಿ.ಪುರದ ಸ್ವಾಮಿಗಳು ಬೆಂಕಿ ಮುಟ್ಟಿಸುತ್ತಾರೆ. ಜ್ವಾಲೆ ಯಾವ ದಿಕ್ಕಿಗೆ ಬಾಗಿತೋ ಆ ದಿಕ್ಕಿನಲ್ಲಿ ಆ ವರ್ಷ ಮಳೆ ಬೆಳೆ ಚೆನ್ನ ಎಂದು ಜನ ಲೆಕ್ಕ ಹಾಕುತ್ತಾರೆ. “ನಮ್ ಕಡೀಗ್ ವಾಲ್ತು ಕಣ್ಲಾ” ಎಂದು ಮಳವಳ್ಳಿಯವನೂ ಟಿ.ನರಸೀಪುರದವನೂ ಒಂದೇ ಬೆಂಕಿ ನೋಡಿ ಒಟ್ಟಿಗೆ ಹೇಳುವುದುಂಟು. ನಾಲ್ಕನೆಯ ದಿನ ಪಂಕ್ತಿಸೇವೆ. ಬಿಡಾರ ಹೂಡಿದಲ್ಲೇ ಒಲೆ ಹೂಡಿ, ಮಾಂಸದಡುಗೆ ಮಾಡಿ, ಕಂಡಾಯಕ್ಕೆ ಎಡೆಯಿಟ್ಟು, ನೆಂಟರು, ಬಂದವರು, ಹೋದವರು ಎಂಬ ಭೇದವಿಲ್ಲದೆ ಸಾಲಾಗಿ ಕುಳಿತು ಉಣ್ಣುತ್ತಾರೆ. ಇದು ಪ್ರಾಣಿಬಲಿ, 1959ರ ಕಾಯ್ದೆಗೆ ವಿರುದ್ಧ ಎಂದು ಈಚಿನ ವರ್ಷಗಳಲ್ಲಿ ಆಡಳಿತ ಚೆಕ್‌ಪೋಸ್ಟ್ ಹಾಕಿ ಕುರಿ ಕೋಳಿ ತಡೆಯಿತು. ಬಲಿಯಲ್ಲ ಸ್ವಾಮಿ, ಊಟ. ದೇವರ ಮುಂದೆ ಕಡಿಯುವುದಿಲ್ಲ, ನಮ್ಮ ಬಿಡಾರದಲ್ಲಿ ಉಣ್ಣುತ್ತೇವೆ ಎಂದು ಒಕ್ಕಲಿನವರು ವಾದಿಸಿದರು. ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತರು ಎಂಬುದು ನನಗೆ ಎಲೆಯ ಮೇಲೆ ಏನಿತ್ತು ಎಂಬುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಚೆಕ್‌ಪೋಸ್ಟಿನವರಿಗೆ ಬರೆದುಕೊಟ್ಟ ನಮೂನೆಯಲ್ಲಿ ಆ ಕಾಲಂ ಇರಲಾರದು.

ನಾಲ್ಕು, ಪ್ರಾಣಲಿಂಗಿ. ಹೊರಗಿನದು ಒಳಗಾಗುವ ಹಂತ. ಇದನ್ನು ಕೈಪಿಡಿಯಲ್ಲಿ ಬರೆಯಲು ಬರುವುದಿಲ್ಲ. ಮುಂದೆ ಹೋಗೋಣ.

ಐದು, ಶರಣ: ಹಲಗೂರಿನ ಭಾಗ

ಇಲ್ಲಿ ವಸಿ ನಿಲ್ಲಬೇಕು. ಪುಸ್ತಕದ ಏಣಿಯಲ್ಲಿ ಶರಣನಿಗೆ ಆನಂದಭಕ್ತಿ. ತಂಬೂರಿಯ ಏಣಿಯಲ್ಲಿ ಇದೇ ಎತ್ತರದಲ್ಲಿ ಒಂದು ಜೋಳಿಗೆ ಕೊಟ್ಟು ಹಲಗೂರಿಗೆ ಕಳಿಸುತ್ತಾರೆ.

ಕೆಂಪಾಚಾರಿಯನ್ನು ತಂದೆತಾಯಿಯಿಂದ ಬಿಡಿಸಿಕೊಂಡು ಬಂದ ಮಂಟೇಸ್ವಾಮಿ ಅವನನ್ನು ಗವಿಯಲ್ಲಿ ಕೂಡಿ ಪಕ್ವ ಮಾಡಿದ. ಧೂಳ್ತ ಹಚ್ಚಿದ, ಸಿದ್ದಪ್ಪಾಜಿ ಎಂದು ಹೆಸರಿಟ್ಟ. ಬೇರೆ ಯಾವ ಕಥೆಯಾದರೂ ಇಲ್ಲಿ ಹೂಮಳೆ ಸುರಿದು ಮುಗಿಯುತ್ತಿತ್ತು. ಆದರೆ ಗುರುವಿಗೆ ಕಬ್ಬಿಣ ಬೇಕಾಯಿತು. ಹಲಗೂರಿನ ಪಾಂಚಾಳರ ಕುಲುಮೆಗಳಲ್ಲಿ ಕಬ್ಬಿಣದ ರಾಶಿ ಇದೆ, ಹೋಗಿ ಭಿಕ್ಷೆ ಬೇಡಿ ತಾ ಎಂದ.

ಪಾಂಚಾಳರು ಯಾರು? ಹುಡುಗನ ಕುಲದವರೇ. ಆಚಾರರ ಮನೆಯಲ್ಲಿ ಹುಟ್ಟಿದವನು, ಸುತ್ತಿಗೆ ಹಿಡಿಯಬೇಕಾದವನು ಜೋಳಿಗೆ ಹಾಕಿಕೊಂಡು, ಮುಖಕ್ಕೆ ಕಪ್ಪು ಬಳಿದುಕೊಂಡು ಸ್ವಂತ ನೆಂಟರ ಬಾಗಿಲಲ್ಲಿ ನಿಂತು ಕಬ್ಬಿಣ ಕೇಳಬೇಕು. ಕಾಡಿನಲ್ಲಿ ತಪಸ್ಸು ಮಾಡುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಹಿಮದಲ್ಲಿ ಕೂರುವುದು ಇದರ ಮುಂದೆ ಏನು? ಒಕ್ಕಲಿಗರ ಮದುವೆ ಮನೆಯಲ್ಲಿ ಕೆಲಸ ಬಿಟ್ಟು ಬಂದ ಸಾಫ್ಟ್‌ವೇರ್ ಎಂಜಿನಿಯರ್ ಹುಡುಗನನ್ನು ಕೇಳಿ ನೋಡಿ. ದೊಡ್ಡಪ್ಪ ಪಂಕ್ತಿಯ ಆ ತುದಿಯಿಂದ, ‘ಈಗ ಏನ್ ಮಾಡ್ಕೊಂಡಿದೀಯಪ್ಪ?’ ಎಂದು ಕೂಗಿ ಕೇಳಿದಾಗ ಹೇಗಿತ್ತು ಎಂದು ಅವನು ಹೇಳುತ್ತಾನೆ.

ಹಲಗೂರಿನವರು ಸುಲಭಕ್ಕೆ ಕೊಡಲಿಲ್ಲ. ಕಬ್ಬಿಣ ಇಲ್ಲ ಎಂದರು. ಪವಾಡ ತೋರಿಸು ಎಂದರು. ವಿಷ ಕೊಟ್ಟರು, ಕಾದ ಕಬ್ಬಿಣ ಎತ್ತು ಎಂದರು. ಹಾಡುವವರಿಂದ ಹಾಡುವವರಿಗೆ ಈ ಪಟ್ಟಿ ಉದ್ದವಾಗುತ್ತದೆ, ರಾತ್ರಿ ಎಷ್ಟು ಉಳಿದಿದೆ ಎಂಬುದರ ಮೇಲೆ. ಗಮನಿಸಬೇಕಾದದ್ದು ಬೇರೆ. ಸಿದ್ದಪ್ಪಾಜಿ ಈ ಪರೀಕ್ಷೆಗಳನ್ನೆಲ್ಲ ಗೆಲ್ಲುವುದು ತಾನು ಮೇಲೇರಲಿಕ್ಕೆ ಅಲ್ಲ. ಕಬ್ಬಿಣ ತಂದು ಗುರುವಿನ ಕೈಗೆ ಹಾಕಲಿಕ್ಕೆ. ಪವಾಡ ಅವನಿಗೆ ದಾರಿಖರ್ಚು ಅಷ್ಟೆ. ಮತ್ತು ನಡುನಡುವೆ ಅವನು ಹೆದರುತ್ತಾನೆ, ಗುರುವನ್ನು ಕೂಗಿ ಕರೆಯುತ್ತಾನೆ, ಇಲ್ಲಿಗೆ ಯಾಕೆ ಕಳಿಸಿದೆ ಎಂದು ಗೋಳಿಡುತ್ತಾನೆ. ಐದನೆಯ ಮೆಟ್ಟಿಲಲ್ಲಿ ನಿಂತವನಿಗೂ ಹೀಗೆ ಅಳು ಬರುತ್ತದೆ ಎಂದು ಪುಸ್ತಕಗಳು ಸಾಮಾನ್ಯವಾಗಿ ಬರೆಯುವುದಿಲ್ಲ. ರಾತ್ರಿಯಿಡೀ ಹಾಡಬೇಕಾದವನಿಗೆ ಮಾತ್ರ ಆ ಅಳು ಬೇಕಾಗುತ್ತದೆ, ಕೇಳುವ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಲುಝಾಟೊನ ಏಣಿಯಲ್ಲಿ ಒಂಬತ್ತು ಮೆಟ್ಟಿಲು: ಎಚ್ಚರ, ಚುರುಕು, ಶುಚಿ, ವಿರಕ್ತಿ, ನಿರ್ಮಲತೆ, ಭಕ್ತಿ, ವಿನಯ, ಪಾಪಭೀತಿ, ಪವಿತ್ರತೆ. ವಿನಯವನ್ನು ಅವನು ಏಳನೆಯ ಜಾಗಕ್ಕೆ ಇಟ್ಟಿದ್ದಾನೆ. ಮೊದಲು ನನಗೆ ಇದು ವಿಚಿತ್ರವಾಗಿ ಕಂಡಿತು. ನಮ್ಮ ಮನೆಗಳಲ್ಲಿ ವಿನಯವನ್ನು ಒಂದನೇ ಕ್ಲಾಸಿನಲ್ಲೇ ಕಿವಿ ಹಿಂಡಿ ಕಲಿಸುತ್ತಾರೆ. ಆದರೆ ಆರು ಮೆಟ್ಟಿಲು ಹತ್ತಿದವನಿಗೇ ಅದರ ಜರೂರು ಹೆಚ್ಚು ಎಂಬುದು ಆ ಪಾದುವಾದ ಹುಡುಗನಿಗೆ ಗೊತ್ತಿತ್ತು. ಮಂಟೇಸ್ವಾಮಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು, ವಿನಯದ ಪಾಠಕ್ಕೆ ಪುಸ್ತಕ ಕೊಡದೆ ಹಲಗೂರಿನ ವಿಳಾಸ ಕೊಟ್ಟ.

ಪರೀಕ್ಷಾ ವಿಧಾನ: ನೆಂಟರ ಮನೆಗೆ ಹೋಗಿ. ಏನಾದರೂ ಕೇಳಿ. ಅವರು ಇಲ್ಲ ಎನ್ನಲಿ. ವಾಪಸು ಬರುವಾಗ ಬಸ್ಸಿನಲ್ಲಿ ನಿಮ್ಮ ತಲೆಯೊಳಗೆ ನಡೆದ ಭಾಷಣವನ್ನು ಬರೆದಿಡಿ. ಅದು ಅರ್ಧ ಪುಟಕ್ಕಿಂತ ಉದ್ದವಾಗಿದ್ದರೆ ನೀವು ಇನ್ನೂ ಎರಡನೆಯ ಮೆಟ್ಟಿಲಲ್ಲಿದ್ದೀರಿ.

ಆರು, ಐಕ್ಯ

ಕಬ್ಬಾಲಾದಲ್ಲಿ ಆತ್ಮಕ್ಕೆ ಐದು ಅಂತಸ್ತು: ನೆಫೆಶ್, ರೂಆಹ್, ನೆಶಾಮಾ, ಹಯ್ಯಾ, ಯೆಹಿದಾ. ಕೊನೆಯದು ಬೇರೆಯೆಂಬುದೇ ಉಳಿಯದ ನೆಲೆ. ಲುಝಾಟೊ ತನ್ನ ಕೊನೆಯ ಮೆಟ್ಟಿಲಿನ ಬಗ್ಗೆ ಹೇಳುವುದು ಇಷ್ಟು: ಶುರುವಿನಲ್ಲಿ ಅದು ನಮ್ಮ ದುಡಿಮೆ, ಕೊನೆಯಲ್ಲಿ ಅದು ಕೊಟ್ಟದ್ದು. ನಮ್ಮವರ ಸಮರಸವೂ ಹೆಚ್ಚುಕಡಿಮೆ ಅದೇ. ಹತ್ತುವವನು ಇದ್ದರೆ ತಾನೆ ಮೆಟ್ಟಿಲು?

ಧರೆಗೆ ದೊಡ್ಡವರು ಬೊಪ್ಪೇಗೌಡನಪುರದಲ್ಲಿ ಭೂಮಿಯೊಳಕ್ಕೆ ಇಳಿದು ಗದ್ದಿಗೆಯಾದರು. ಇಡೀ ಏಣಿ ಮೇಲಕ್ಕೆ ಎಂದುಕೊಂಡು ಬಂದವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಶಿಷ್ಯರಿಗೆ ಒಂದೊಂದು ಕಡೆ ಹಂಚಿಕೊಟ್ಟರು: ರಾಚಪ್ಪಾಜಿಗೆ, ಚೆನ್ನಾಜಮ್ಮನಿಗೆ ಕಪ್ಪಡಿ, ಸಿದ್ದಪ್ಪಾಜಿಗೆ ಚಿಕ್ಕಲ್ಲೂರು. ಯಾರೂ ಗುರುವಿನ ಪಕ್ಕದಲ್ಲೇ ಕೂರಲಿಲ್ಲ. ಬಡ್ತಿ ಸಿಕ್ಕಿದ ಮೇಲೆ ವರ್ಗಾವಣೆ ಖಾತ್ರಿ ಎಂಬ ಸರ್ಕಾರಿ ನಿಯಮ ಅಲ್ಲೂ ಇತ್ತು ಎಂದು ಮಂಡ್ಯದ ಗುಮಾಸ್ತರು ಅರ್ಥ ಮಾಡಿಕೊಂಡಿದ್ದಾರೆ.

ತೊಂದರೆ ಮತ್ತು ಪರಿಹಾರ

ಮೂರು ದಿನದ ಶಿಬಿರದಲ್ಲಿ ಆರೂ ಮೆಟ್ಟಿಲು ಮುಗಿಸಿ ಪ್ರಮಾಣಪತ್ರ ಕೊಟ್ಟರು, ಆದರೂ ಮನೆಗೆ ಬಂದ ಕೂಡಲೇ ಹೆಂಡತಿಯ ಮೇಲೆ ರೇಗಿದೆ. — ಏಣಿಯಲ್ಲಿ ದೋಷವಿಲ್ಲ. ಶಿಬಿರದಲ್ಲಿ ಹೆಂಡತಿ ಇರಲಿಲ್ಲ.

ಧ್ಯಾನದಲ್ಲಿ ಬೆಳಕು ಕಾಣುತ್ತದೆ. — ಮೊದಲು ಕ್ಯಾಟರ‍್ಯಾಕ್ಟ್ ತೋರಿಸಿಕೊಳ್ಳಿ. ಆಮೇಲೂ ಕಂಡರೆ ಯಾರಿಗೂ ಹೇಳಬೇಡಿ. ಹೇಳಿದರೆ ಊರಿನಲ್ಲಿ ನಿಮ್ಮ ಹೆಸರಿಗೆ ಒಂದು ಟ್ರಸ್ಟ್ ಶುರುವಾಗುತ್ತದೆ.

ನನ್ನ ಏಣಿ ಶುದ್ಧ, ಪಕ್ಕದ ಓಣಿಯವರದು ಬರೀ ಜನಪದ. — ಎರಡನೆಯ ಮೆಟ್ಟಿಲಿನ ಲಕ್ಷಣ, ಮೇಲೆ ನೋಡಿ. ಪುಸ್ತಕದ ಏಣಿಗೆ ಚೆನ್ನಬಸವಣ್ಣ ಬೇಕಾದ ಹಾಗೆಯೇ ಆ ಏಣಿಯನ್ನು ಅಲ್ಲಾಡಿಸಿ ನೋಡಲು ಕಲ್ಯಾಣದಲ್ಲಿ ಅಲ್ಲಮನೂ ಬೇಕಾಗಿದ್ದ.

ಗುರು ಸಿಗುತ್ತಿಲ್ಲ. — ನಾತಕ್ಕೆ ಬಾಗಿಲು ಹಾಕಿಕೊಂಡಿದ್ದೀರಾ?

ಹತ್ತುತ್ತಿದ್ದೇನೋ ಇಳಿಯುತ್ತಿದ್ದೇನೋ ತಿಳಿಯುತ್ತಿಲ್ಲ. — ಸಾಮಾನ್ಯ. ರಿಪೇರಿ ಬೇಡ.

ಗ್ರಾಹಕ ಸೇವೆ

ಈ ಉಪಕರಣಕ್ಕೆ ಟೋಲ್ ಫ್ರೀ ನಂಬರು ಇಲ್ಲ. ಸೇವಾ ಪ್ರತಿನಿಧಿ ತಾನಾಗಿಯೇ ಮನೆಗೆ ಬರುತ್ತಾನೆ, ಹೆಚ್ಚಾಗಿ ಸುಗ್ಗಿ ಮುಗಿದ ಮೇಲೆ. ಹೊರಗಿನಿಂದ ಜಾಗಟೆ ಕೇಳಿಸುತ್ತದೆ. ಚಿಲ್ಲರೆ ಇಲ್ಲ ಮುಂದಕ್ಕೆ ಹೋಗು ಎನ್ನಬೇಡಿ, ಈಗ ಕೆಲವರ ಜೋಳಿಗೆಗೂ ಕ್ಯೂಆರ್ ಕೋಡ್ ಬಂದಿದೆ. ಹಾಗಂತ ಮೊಬೈಲಿನಲ್ಲೇ ಮುಗಿಸಿಬಿಡಲೂ ಬೇಡಿ. ಮೊರದಲ್ಲಿ ರಾಗಿ ತೆಗೆದುಕೊಂಡು ಹೊಸ್ತಿಲು ದಾಟಿ ಹೊರಗೆ ಬನ್ನಿ. ಜೋಳಿಗೆಯ ಬಾಯಿ ಅವನು ಅಗಲಿಸಿ ಹಿಡಿಯುತ್ತಾನೆ. ಸುರಿಯುವಾಗ ಸ್ವಲ್ಪ ನೆಲಕ್ಕೆ ಚೆಲ್ಲಿದರೆ ಕೋಳಿಗಳು ನೋಡಿಕೊಳ್ಳುತ್ತವೆ. ಅವನು ಹಣೆಗೆ ಧೂಳ್ತ ಇಡಲು ಕೈ ಚಾಚಿದರೆ ಆಫೀಸಿಗೆ ಹೊತ್ತಾಯಿತು, ಇಸ್ತ್ರಿ ಷರಟಿಗೆ ಕಪ್ಪಾಗುತ್ತದೆ ಎಂದು ಹಿಂದೆ ಸರಿಯಬೇಡಿ. ಕಪ್ಪಾದರೆ ನಿಂಬೆಹಣ್ಣು ಉಜ್ಜಿ ಒಗೆಯಿರಿ.